ಯಾರಿಗ್ಲಾ ನೀನು ಅಸಿಸ್ಟೆಂಟು?

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ. ವಿಶ್ವವಿದ್ಯಾಲಯದ ಮೇಷ್ಟ್ರುಗಳ ಬಡ್ತಿ ವಿಷಯ. ಇದು ನಮಗ್ಯಾಕೆ ಅಂತ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ. ನಮ್ಮ ಮಕ್ಕಳು ಅಲ್ಲಿಗೇ ಓದೋಕೆ ಹೋಗೋದು.

ಮೊನ್ನೆ ಹೊಸತೊಡಕಿಗೆ ಮೊಸಳೆಗೆ ಹೋಗಿದ್ದೆ. ನಮ್ಮ ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣನೂ ಬಂದಿದ್ದ. ಬಾಡೂಟ ಮುಗಿಸಿ ಜಗಲಿ ಮೇಲೆ ಕೂತಿದ್ವಿ. ಎಂಬತ್ತು ದಾಟಿದ ದೊಡ್ಡಪ್ಪ ಎಲಡಿಕೆ ಹಾಕ್ಕೊಂಡು ಅಣ್ಣನ್ನ ಕೇಳಿದ್ರು:

"ಅಲ್ಲ ಕಣ್ಲಾ, ನೀನು ಕೆಲ್ಸಕ್ಕೆ ಸೇರಿ ಹದಿನೆಂಟು ವರ್ಸಾಯ್ತು. ಇನ್ನೂವೆ ಅಸಿಸ್ಟೆಂಟ್ ಅಂತಾವ್ರಲ್ಲ, ಯಾರಿಗ್ಲಾ ನೀನು ಅಸಿಸ್ಟೆಂಟು? ಆ ನಿಮ್ ಸಾಹೇಬ ಯಾವತ್ತು ರಿಟೈರಾಯ್ತನೆ?"

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. "ಅಸಿಸ್ಟೆಂಟ್ ಪ್ರೊಫೆಸರ್ ಅಂದ್ರೆ ಯಾರ ಕೈಕೆಳಗೂ ಇರೋದಲ್ಲ ಕಣಪ್ಪ, ಅದು ಹುದ್ದೆ ಹೆಸರು" ಅಂತ ಹೇಳೋಕೆ ನೋಡಿದ. ದೊಡ್ಡಪ್ಪ ಒಪ್ಪಲಿಲ್ಲ. "ಹೆಸ್ರಲ್ಲೇ ಐತಲ್ಲೋ" ಅಂದ್ರು.

ನಾನು ಮಾತ್ರ ನಗಲಿಲ್ಲ. ಯಾಕಂದ್ರೆ ಆ ಪ್ರಶ್ನೆಗೆ ಉತ್ತರ ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಸರಿಯಾಗಿ ಗೊತ್ತಿತ್ತು. ನಾನು ಗುಮಾಸ್ತ. ಬಿಎ ಓದಿ ಎಫ್‌ಡಿಎ ಆದವನು. ಒಂದು ವಿಶ್ವವಿದ್ಯಾಲಯದ ಆಡಳಿತ ಕಚೇರಿಯ ಬೋಧಕ ಸಿಬ್ಬಂದಿ ವಿಭಾಗದಲ್ಲಿ ಆರು ವರ್ಷ ಕೇಸ್ ವರ್ಕರ್ ಆಗಿದ್ದೆ. ಈಗ ಬೇರೆ ವಿಭಾಗದಲ್ಲಿದ್ದೀನಿ. ಯಾವ ವಿಶ್ವವಿದ್ಯಾಲಯ ಅಂತ ಬರೆಯಲ್ಲ, ಅಣ್ಣ ಪಾಠ ಹೇಳೋದು ಯಾವುದರಲ್ಲಿ ಅಂತಲೂ ಬರೆಯಲ್ಲ. ಎರಡೂ ಬೇರೆ ಬೇರೆ. ಹೊಟ್ಟೆಪಾಡಿನ ಮಾತು, ಅರ್ಥ ಮಾಡಿಕೊಳ್ಳಿ.

ನಮ್ಮ ಮೊಸಳೆ ಗೊತ್ತಲ್ಲ, ಹಾಸನದಿಂದ ಹೊಳೆನರಸೀಪುರದ ಕಡೆ ಹೋಗುವಾಗ ಸಿಗುತ್ತೆ. ಹೊಯ್ಸಳರ ಕಾಲದ ಜೋಡಿ ಗುಡಿ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ನಮ್ಮ ಕೇರಿ ನೋಡೋಕೆ ಯಾರೂ ಬರಲ್ಲ ಬಿಡಿ. ಆ ಕೇರಿಯಿಂದ ಪಿಎಚ್‌ಡಿ ಮಾಡಿದ ಮೊದಲ ಆಳು ನಮ್ಮಣ್ಣ. ದೊಡ್ಡಪ್ಪ ಆಲೂಗಡ್ಡೆ ಹೊಲದಲ್ಲಿ ಕೂಲಿ ಮಾಡಿ ಓದಿಸಿದ್ದು. ಅವನ ವಿಷಯ ಇತಿಹಾಸ. ತೋಟಿ, ತಳವಾರ, ನೀರಗಂಟಿ ಇವರಿಗೆ ಹಿಂದೆ ಕೊಟ್ಟಿದ್ದ ಇನಾಂ ಭೂಮಿ ಕಡೆಗೆ ಯಾರ ಕೈ ಸೇರಿತು ಅನ್ನೋದರ ಮೇಲೆ ಅವನ ಕೆಲಸ. 2007ರಲ್ಲಿ ಕೆಲಸಕ್ಕೆ ಸೇರಿದಾಗ ಪಿಎಚ್‌ಡಿ ಕೈಯಲ್ಲಿತ್ತು. ಆಗ ಆ ಹುದ್ದೆಗೆ ಲೆಕ್ಚರರ್ ಅಂತಿದ್ರು, ಆಮೇಲೆ ಹೆಸರು ಬದಲಾಯ್ತು.

ಈಗ ಲೆಕ್ಕ ನೋಡಿ. ಯುಜಿಸಿಯಲ್ಲಿ ಸಿಎಎಸ್ ಅಂತ ಒಂದಿದೆ, ವೃತ್ತಿ ಪದೋನ್ನತಿ ಯೋಜನೆ. ಆಫೀಸಲ್ಲಿ ನಾವು 'ಕ್ಯಾಸ್ ಫೈಲು' ಅಂತೀವಿ. 2010ರ ನಿಯಮಾವಳಿ ಇರಲಿ, 2018ರ ಜುಲೈ 18ರ ನಿಯಮಾವಳಿ ಇರಲಿ, ಮೆಟ್ಟಿಲು ಹೆಚ್ಚು ಕಡಿಮೆ ಅವೇ. ಪಿಎಚ್‌ಡಿ ಇದ್ದವರಿಗೆ ಮೊದಲ ಮೆಟ್ಟಿಲಿಗೆ 4 ವರ್ಷ, ಎರಡನೇದಕ್ಕೆ 5, ಸಹ ಪ್ರಾಧ್ಯಾಪಕ ಆಗೋಕೆ 3, ಪ್ರಾಧ್ಯಾಪಕ ಆಗೋಕೆ ಇನ್ನೂ 3. ಒಟ್ಟು 15 ವರ್ಷ. 2007ಕ್ಕೆ 15 ಸೇರಿಸಿ. 2022ರಲ್ಲಿ ನಮ್ಮಣ್ಣ ಪ್ರೊಫೆಸರ್ ಆಗಬೇಕಿತ್ತು. 2025 ಬಂದ್ರೂ ಮೂರನೇ ಮೆಟ್ಟಿಲಲ್ಲಿ ನಿಂತಿದ್ದಾನೆ. ಜೊತೆಗೆ ಸೇರಿದವರಲ್ಲಿ ಇಬ್ಬರು ಪ್ರೊಫೆಸರ್ ಆಗಿ, ಒಬ್ಬರು ವಿಭಾಗದ ಮುಖ್ಯಸ್ಥರೂ ಆಗಿದ್ದಾರೆ.

ದುಡ್ಡಿನ ಮಾತೂ ಹೇಳಿಬಿಡ್ತೀನಿ, ನಮ್ಮವರು ಅದನ್ನ ಬಾಯಿಬಿಟ್ಟು ಹೇಳೋಕೆ ನಾಚ್ತಾರೆ. ಅಣ್ಣ ಇರೋ ಲೆವೆಲ್ 12ರ ಆರಂಭದ ಮೂಲವೇತನ 79,800 ರೂಪಾಯಿ. ಅದರ ಮೇಲಿನದು, ಸಹ ಪ್ರಾಧ್ಯಾಪಕರ ಲೆವೆಲ್ 13ಎ, 1,31,400ಕ್ಕೆ ಶುರು. ಇಡೀ ಏಣಿಯಲ್ಲಿ ಅತಿ ಎತ್ತರದ ಮೆಟ್ಟಿಲು ಇದೇ. ಇಲ್ಲಿ ಒಂದು ವರ್ಷ ತಡ ಆದ್ರೆ ಎಷ್ಟು ಹೋಯ್ತು ಅಂತ ನೀವೇ ಗುಣಿಸಿಕೊಳ್ಳಿ. ಪಿಂಚಣಿ ಆಮೇಲೆ.

ಅವನಿಗೆ ಯಾರಾದ್ರೂ 'ನಿನ್ನ ಜಾತಿ ಇದು, ನಿನಗೆ ಬಡ್ತಿ ಕೊಡಲ್ಲ' ಅಂದ್ರಾ? ಇಲ್ಲ. ಒಬ್ಬರೂ ಅಂದಿಲ್ಲ. ಹಂಗಂದಿದ್ರೆ ಕೇಸು ಹಾಕಬಹುದಿತ್ತು.

ಮೊದಲನೇ ಸಲ ಎರಡು ವರ್ಷ ಹೋಗಿದ್ದು ಒಂದು ತರಬೇತಿ ಸರ್ಟಿಫಿಕೇಟಿಗೆ. ಎರಡನೇ ಸಲ ಪತ್ರಿಕೆಗಳ ಪಟ್ಟಿಗೆ. ಅಣ್ಣ ಬರೆಯೋದು ಹೆಚ್ಚಾಗಿ ಕನ್ನಡದಲ್ಲಿ. ತೋಟಿ ಇನಾಮಿನ ದಾಖಲೆ ಕನ್ನಡದಲ್ಲಿದೆ, ಆ ಜಮೀನು ಕಳಕೊಂಡವರ ಮೊಮ್ಮಕ್ಕಳು ಓದೋದೂ ಕನ್ನಡವನ್ನೇ. ಅವನ ಲೇಖನ ಅಚ್ಚಾದ ಪತ್ರಿಕೆಗಳು ಯುಜಿಸಿ ಪಟ್ಟಿಯಲ್ಲಿ ಇರಲಿಲ್ಲ. ತಜ್ಞರು ಓದಿ ಒಪ್ಪಿದ ಪತ್ರಿಕೆ ಅಂತ ತೋರಿಸೋಕೆ ಸಂಪಾದಕರ ಹತ್ತಿರ ಪತ್ರ ತನ್ನಿ ಅಂದ್ರು. ಸಂಪಾದಕರೊಬ್ಬರು ತೀರಿಕೊಂಡಿದ್ರು. ಪಟ್ಟಿ ಮತ್ತೆ ಬದಲಾಯ್ತು, 2019ರಲ್ಲಿ ಯುಜಿಸಿ-ಕೇರ್ ಅಂತ ಹೊಸದು ಬಂತು. ಪಟ್ಟಿಗೆ ಸೇರಿದ ಪತ್ರಿಕೆಗಳಿಗೆ ಇವನು ಇನ್ನಷ್ಟು ಬರೆದ. ಆ ಕೇರ್ ಪಟ್ಟಿಯನ್ನ 2025ರ ಫೆಬ್ರವರಿಯಲ್ಲಿ ಯುಜಿಸಿಯೇ ಕೈಬಿಟ್ಟಿತು. ಇಷ್ಟು ಮಾಡೋ ಹೊತ್ತಿಗೆ 2020.

ಈಗ ಮೂರನೇ ಸಲ, 2023ರಿಂದ. ಇದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು.

ವಿಶ್ವವಿದ್ಯಾಲಯದಲ್ಲಿ ಲೆವೆಲ್ 12ರಿಂದ ಸಹ ಪ್ರಾಧ್ಯಾಪಕ ಆಗೋಕೆ 2018ರ ನಿಯಮ ಕೇಳೋದು ಏನು ಅಂದ್ರೆ: ಪಿಎಚ್‌ಡಿ, ಒಂದು ತರಬೇತಿ, ಒಟ್ಟು ಏಳು ಪ್ರಕಟಣೆ, ಅದರಲ್ಲಿ ಮೂರು ಈ ಅವಧಿಯವು, 70 ಸಂಶೋಧನಾ ಅಂಕ, ಮತ್ತೆ ಕನಿಷ್ಠ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿದ ಪುರಾವೆ. ನೋಡೋಕೆ ನ್ಯಾಯವಾಗೇ ಇದೆ. ಸಹ ಪ್ರಾಧ್ಯಾಪಕ ಅನ್ನಿಸಿಕೊಳ್ಳೋನು ಒಬ್ಬನಿಗಾದರೂ ದಾರಿ ತೋರಿಸಿರಬೇಡವೇ?

ತೋರಿಸಬೇಕು. ಆದರೆ ವಿದ್ಯಾರ್ಥಿಯನ್ನ ಕೊಡೋರು ಯಾರು? ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳನ್ನ ಇಟ್ಟುಕೊಳ್ಳಬಹುದು ಅಂತ ಯುಜಿಸಿಯ ಪಿಎಚ್‌ಡಿ ನಿಯಮದಲ್ಲಿದೆ. ಇಟ್ಟುಕೊಳ್ಳಬಹುದು ಅನ್ನೋದು ಬೇರೆ, ಸಿಗೋದು ಬೇರೆ. ಹಂಚೋದು ವಿಭಾಗದ ಸಮಿತಿ. ಪ್ರವೇಶ ಆದ ಮೇಲೆ ಮೊದಲು ಪ್ರೊಫೆಸರ್‌ಗಳ ಎಂಟೆಂಟು ತುಂಬುತ್ತೆ, ಆಮೇಲೆ ಸಹ ಪ್ರಾಧ್ಯಾಪಕರ ಆರಾರು. ಕಡೆಗೆ ಉಳಿದವರು ಅಣ್ಣನಂಥೋರಿಗೆ. ಕೆಲವು ವರ್ಷ ಯಾರೂ ಉಳಿಯಲ್ಲ. ಒಂದು ಸಲ ಒಬ್ಬ ಹುಡುಗ ಬಂದಿದ್ದ, ನಮ್ಮವನೇ. ಮೂರು ತಿಂಗಳಾದ ಮೇಲೆ ಅವನೇ ಅಳ್ತಾ ಬಂದು ಗೈಡ್ ಬದಲಾಯಿಸಿಕೊಂಡ. "ಸರ್, ನಿಮ್ಮ ಕೆಳಗೆ ಮಾಡಿದ್ರೆ ಮುಂದೆ ಇಂಟರ್‌ವ್ಯೂನಲ್ಲಿ ನನಗೆ ತೊಂದರೆ ಆಗುತ್ತೆ ಅಂತವ್ರೆ" ಅಂದನಂತೆ. ಅಣ್ಣನೇ ಸಹಿ ಹಾಕಿ ಕಳಿಸಿಕೊಟ್ಟ. ಆ ಹುಡುಗನ ಮೇಲೆ ಅವನಿಗೆ ಸಿಟ್ಟಿಲ್ಲ. ನನಗಿದೆ, ಆದ್ರೆ ಅವನ ಜಾಗದಲ್ಲಿ ನಾನಿದ್ದಿದ್ರೆ ಏನು ಮಾಡ್ತಿದ್ದೆ ಅಂತ ಕೇಳಿಕೊಂಡ್ರೆ ಸಿಟ್ಟು ಇಳಿಯುತ್ತೆ.

ಈಗಿರೋ ವಿದ್ಯಾರ್ಥಿನಿ 2022ರಲ್ಲಿ ಸೇರಿದವಳು. 'ಮಾರ್ಗದರ್ಶನ ಮಾಡಿದ ಪುರಾವೆ' ಅಂದ್ರೆ ಪದವಿ ಬಂದಿರಬೇಕಾ, ನೋಂದಣಿ ಆಗಿದ್ದರೆ ಸಾಕಾ? ಪ್ರಾಧ್ಯಾಪಕ ಹುದ್ದೆಗೆ ನಿಯಮದಲ್ಲಿ 'ಯಶಸ್ವಿಯಾಗಿ' ಅನ್ನೋ ಮಾತಿದೆ, ಸಹ ಪ್ರಾಧ್ಯಾಪಕ ಹುದ್ದೆಗೆ ಆ ಮಾತಿಲ್ಲ. ಅಂದ್ರೆ ನೋಂದಣಿ ಸಾಕು ಅಂತ ಓದಬಹುದು. ಅಣ್ಣನ ಫೈಲಿನಲ್ಲಿ ಮಾತ್ರ ಪದವಿ ಬಂದಿರಬೇಕು ಅಂತ ಓದಿದ್ದಾರೆ. ಬೇರೆಯವರ ಫೈಲಿನಲ್ಲಿ ಹೇಗೆ ಓದಿದ್ರು ಅಂತ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೀವಿ. ಉತ್ತರ ಇನ್ನೂ ಬಂದಿಲ್ಲ.

ಇನ್ನೊಂದು ಕಡೆ ನೋಡಿ. ಇದೇ ಅಣ್ಣ ಹನ್ನೊಂದು ವರ್ಷ ಹಾಸ್ಟೆಲ್ ವಾರ್ಡನ್. ಎಸ್‌ಸಿ-ಎಸ್‌ಟಿ ಘಟಕದ ಕೆಲಸ ಅವನದೇ. ಅಂಬೇಡ್ಕರ್ ಜಯಂತಿ ಬಂತು ಅಂದ್ರೆ ಶಾಮಿಯಾನ ಹಾಕಿಸೋದರಿಂದ ಹಿಡಿದು ಅತಿಥಿಗೆ ಹಾರ ತರೋ ತನಕ ಅವನೇ. ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಹುಡುಗರು ರಾತ್ರಿ ಹತ್ತಕ್ಕೆ ಬಾಗಿಲು ತಟ್ಟೋದು ಅವನ ಮನೆಯದು. ಒಬ್ಬ ಹುಡುಗ ನೇಣು ಹಾಕಿಕೊಳ್ಳೋಕೆ ಹೋದಾಗ ಬಾಗಿಲು ಒದ್ದು ಇಳಿಸಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದು ಅಣ್ಣ. ಆ ಹುಡುಗ ಈಗ ಪಿಯು ಲೆಕ್ಚರರ್.

ಬಡ್ತಿಯ ಮೌಲ್ಯಮಾಪನದಲ್ಲಿ ಇದಕ್ಕೆಲ್ಲ ಏನಿದೆ? 2018ರ ನಿಯಮದ ಮೊದಲನೇ ಕೋಷ್ಟಕದಲ್ಲಿ ಚಟುವಟಿಕೆಗಳ ಪಟ್ಟಿ ಇದೆ: ಆಡಳಿತ ಜವಾಬ್ದಾರಿ, ಪರೀಕ್ಷಾ ಕೆಲಸ, ವಿದ್ಯಾರ್ಥಿ ಚಟುವಟಿಕೆ, ವಿಚಾರ ಸಂಕಿರಣ, ಹೀಗೆ ಏಳು ತರ. ಅದರಲ್ಲಿ ಮೂರು ಮಾಡಿದ್ರೆ 'ಉತ್ತಮ'. ವಾರ್ಡನ್ ಕೆಲಸ ಆಡಳಿತ ಜವಾಬ್ದಾರಿಯಲ್ಲಿ ಬರುತ್ತೆ. ಹನ್ನೊಂದು ವರ್ಷ ಮಾಡಿದ್ರೂ ಒಂದೇ ಟಿಕ್. ಬೇರೆ ಮೇಷ್ಟ್ರು ಯಾವುದೋ ಸಮಿತಿಯ ಸಂಚಾಲಕ ಅಂತ ಲೆಟರ್‌ಹೆಡ್ಡಿನಲ್ಲಿ ಹೆಸರು ಹಾಕಿಸಿಕೊಂಡು ಒಂದು ಸಲ ಮೀಟಿಂಗಿಗೆ ಹೋಗಿ ಬೋಂಡಾ ತಿಂದು ಬಂದ್ರೂ ಅದೇ ಒಂದು ಟಿಕ್. ಅಂಕ ಇರೋದು ಎರಡನೇ ಕೋಷ್ಟಕದಲ್ಲಿ. ಮಾನವಿಕ ವಿಷಯದವರಿಗೆ ಒಂದು ಲೇಖನಕ್ಕೆ 10, ರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 10, ಹೊರದೇಶದ ಪ್ರಕಾಶಕರದಾದ್ರೆ 12, ಒಬ್ಬ ವಿದ್ಯಾರ್ಥಿಗೆ ಪಿಎಚ್‌ಡಿ ಬಂದ್ರೆ 10. ಹುಡುಗನ್ನ ಹಗ್ಗದಿಂದ ಇಳಿಸಿದ್ದಕ್ಕೆ ಯಾವ ಕೋಷ್ಟಕದಲ್ಲೂ ಜಾಗ ಇಲ್ಲ. ಇರಬೇಕು ಅಂತಲೂ ನಾನು ಹೇಳ್ತಿಲ್ಲ. ಆ ಕೆಲಸವನ್ನ ಹನ್ನೊಂದು ವರ್ಷ ಒಬ್ಬನ ತಲೆಗೇ ಕಟ್ಟಿ, ಆಮೇಲೆ 'ನಿಮ್ಮ ಪ್ರಕಟಣೆ ಕಡಿಮೆ ಇದೆ' ಅಂತ ಬರೆಯೋದು ಯಾವ ಲೆಕ್ಕ ಅಂತ ಕೇಳ್ತಿದ್ದೀನಿ.

ಬಾಬಾಸಾಹೇಬರು 1918ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಸೇರಿದಾಗ ಸಹೋದ್ಯೋಗಿಗಳು ಕುಡಿಯೋ ನೀರಿನ ಪಾತ್ರೆ ಮುಟ್ಟಬೇಡಿ ಅಂತ ತಕರಾರು ತೆಗೆದಿದ್ರು. ಈಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಂದೇ ಕ್ಯಾನ್ ನೀರು ಕುಡೀತಾರೆ. ಅಣ್ಣನೇ ಎಷ್ಟೋ ಸಲ ಕ್ಯಾನ್ ತರಿಸಿದ್ದಾನೆ.

ಈಗ ನೀವು ಕೇಳಬಹುದು, ಬಡ್ತಿಯಲ್ಲೂ ಮೀಸಲಾತಿ ಇದೆಯಲ್ಲಪ್ಪ ಅಂತ. ಇದೆ, ನಮ್ಮಂಥ ನೌಕರರಿಗೆ. 1978ರ ಏಪ್ರಿಲ್ 27ರ ಸರ್ಕಾರಿ ಆದೇಶದಿಂದ ಬಂದದ್ದು. ಅದರ ಜ್ಯೇಷ್ಠತೆ ವಿಚಾರಕ್ಕೆ ನಾವು ಪಟ್ಟ ಪಾಡು ನಿಮಗೆ ಗೊತ್ತು. 2017ರ ಫೆಬ್ರವರಿಯಲ್ಲಿ ಪವಿತ್ರಾ ಕೇಸಿನ ತೀರ್ಪು ಬಂದು ಮೇಲಿದ್ದ ನಮ್ಮವರು ಕೆಳಗೆ ಬಂದ್ರು. ಹೊಸ ಕಾಯ್ದೆ ಮಾಡಿಸಿ, ಅದು ಸುಪ್ರೀಂ ಕೋರ್ಟಿನಲ್ಲಿ ನಿಲ್ಲೋಕೆ 2019ರ ಮೇ ತನಕ ಕಾಯಬೇಕಾಯ್ತು.

ಆದರೆ ಸಿಎಎಸ್‌ಗೆ ಇದ್ಯಾವುದೂ ತಾಗಲ್ಲ. ಯಾಕಂದ್ರೆ ಅದು ಖಾಲಿ ಹುದ್ದೆಗೆ ಕೊಡೋ ಬಡ್ತಿ ಅಲ್ಲ, ವ್ಯಕ್ತಿಗೆ ಕೊಡೋ ಬಡ್ತಿ. ನಿಯಮದಲ್ಲೇ ಬರೆದಿದೆ: ಆ ಮೇಷ್ಟ್ರು ನಿವೃತ್ತಿ ಆದ ದಿನ ಹುದ್ದೆ ತನ್ನ ಮೂಲ ದರ್ಜೆಗೆ ವಾಪಸ್ ಹೋಗುತ್ತೆ. ಹೊಸ ಹುದ್ದೆ ಇಲ್ಲ ಅಂದ ಮೇಲೆ ರೋಸ್ಟರ್ ಬಿಂದು ಇಲ್ಲ. ರೋಸ್ಟರ್ ಇಲ್ಲ ಅಂದ ಮೇಲೆ ನಮ್ಮ ಪಾಲು ಎಷ್ಟು ಅಂತ ಕೇಳೋ ದಾರಿ ಇಲ್ಲ. ಉಳಿಯೋದು ಒಂದೇ ಆಸರೆ. ಅಭ್ಯರ್ಥಿ ನಮ್ಮವರಾಗಿದ್ದು, ಆಯ್ಕೆ ಸಮಿತಿಯಲ್ಲಿ ಆ ವರ್ಗದವರು ಯಾರೂ ಇಲ್ಲದಿದ್ರೆ, ಕುಲಪತಿಗಳು ಒಬ್ಬ ಶಿಕ್ಷಣತಜ್ಞರನ್ನ ನಾಮಕರಣ ಮಾಡಬೇಕು. ಒಳ್ಳೇದು. ಆದರೆ ಅದರ ಮುಂದಿನ ಸಾಲು ಓದಿ: ನಾಲ್ಕು ಜನ ಇದ್ರೆ ಕೋರಂ, ಅದರಲ್ಲಿ ಇಬ್ಬರು ಹೊರಗಿನ ವಿಷಯ ತಜ್ಞರಿರಬೇಕು ಅಂತಿದೆ. ನಮ್ಮ ವರ್ಗದ ಸದಸ್ಯರು ಇರಲೇಬೇಕು ಅಂತ ಆ ಸಾಲಿನಲ್ಲಿಲ್ಲ. ಅವರಿಗೆ ಜ್ವರ ಬಂದು ಬರದೇ ಹೋದ್ರೂ ಸಭೆ ನಡೆಯುತ್ತೆ.

2019ರ ಮಾರ್ಚ್ 5ನೇ ತಾರೀಕು ನೆನಪಿದೆಯಾ? ವಿಶ್ವವಿದ್ಯಾಲಯದ ಬದಲು ವಿಭಾಗವನ್ನೇ ಘಟಕ ಮಾಡಿ ರೋಸ್ಟರ್ ಹಾಕೋದನ್ನ ವಿರೋಧಿಸಿ ಭಾರತ ಬಂದ್ ಆಯ್ತು. ಎರಡೇ ದಿನದಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಕಾಯ್ದೆಯೂ ಆಯ್ತು. ನಾನೂ ಕರಪತ್ರ ಹಂಚಿದ್ದೆ. ನಮ್ಮವರನ್ನ ಹೊಸ್ತಿಲು ದಾಟಿಸೋಕೆ ನಾವು ಚೆನ್ನಾಗೇ ಹೋರಾಡಿದ್ದೀವಿ. ಒಳಗೆ ಹೋದ ಮೇಲೆ ಅವರನ್ನ ಎಲ್ಲಿ ಕೂರಿಸಿದ್ರು, ಎಷ್ಟು ವರ್ಷ ಅಲ್ಲೇ ಕೂರಿಸಿದ್ರು ಅಂತ ನಾವ್ಯಾರೂ ತಿರುಗಿ ನೋಡಲಿಲ್ಲ. 'ಅವರಿಗೇನಪ್ಪ, ಲಕ್ಷಗಟ್ಟಲೆ ಸಂಬಳ' ಅಂತ ಅಂದ್ಕೊಂಡ್ವಿ. ನಾನೂ ಅಂದ್ಕೊಂಡಿದ್ದೆ.

ಇನ್ನು ಹೇಳೋದು ನನ್ನ ತಪ್ಪು. ಇದನ್ನ ಬರೀಬೇಕೋ ಬೇಡವೋ ಅಂತ ವಾರ ಯೋಚನೆ ಮಾಡಿದೆ.

ನಾನು ಕೇಸ್ ವರ್ಕರ್ ಆಗಿದ್ದಾಗ ಒಬ್ಬರು ಮೇಡಂ ಅವರ ಕ್ಯಾಸ್ ಫೈಲು ನನ್ನ ಟೇಬಲ್ಲಿಗೆ ಬಂತು. ಕಲ್ಯಾಣ ಕರ್ನಾಟಕದ ಕಡೆಯವರು, ನಮ್ಮವರೇ. ಎಲ್ಲ ಸರಿ ಇತ್ತು, ಪುನಶ್ಚೇತನ ಶಿಬಿರದ ಸರ್ಟಿಫಿಕೇಟ್ ಒಂದಿರಲಿಲ್ಲ. ಅಧೀಕ್ಷಕರು "ಆಬ್ಜೆಕ್ಷನ್ ಹಾಕಿ ವಾಪಸ್ ಕಳಿಸ್ರಿ" ಅಂದ್ರು. ಟಿಪ್ಪಣಿ ಬರೆದೆ. ನಮ್ಮ ಟಿಪ್ಪಣಿ ಭಾಷೆ ನಿಮಗೆ ಗೊತ್ತಲ್ಲ: "ಸದರಿಯವರು ನಿಗದಿತ ಅವಧಿಯಲ್ಲಿ ಪುನಶ್ಚೇತನ ಶಿಬಿರವನ್ನು ಪೂರೈಸದೇ ಇರುವುದರಿಂದ ಪ್ರಸ್ತಾವನೆಯನ್ನು ಹಿಂದಿರುಗಿಸಬಹುದಾಗಿದೆ. ಮಾನ್ಯರ ಆದೇಶಕ್ಕಾಗಿ ಮಂಡಿಸಿದೆ." ಐದು ನಿಮಿಷದ ಕೆಲಸ. ಕೆಳಗೆ ನನ್ನ ಚಿಕ್ಕ ಸಹಿ. ಮೇಲಿನ ಮೂವರೂ ಸಹಿ ಹಾಕಿದ್ರು.

ಹದಿನೈದು ದಿನ ಆದ ಮೇಲೆ ಮೇಡಂ ಬಂದ್ರು. ಜಗಳ ಮಾಡ್ತಾರೆ ಅಂದುಕೊಂಡೆ. ಇಲ್ಲ. ನನ್ನ ಟೇಬಲ್ಲಿನ ಗಾಜಿನ ಕೆಳಗೆ ಬಾಬಾಸಾಹೇಬರ ಒಂದು ಚಿಕ್ಕ ಫೋಟೋ ಇಟ್ಟಿದ್ದೆ. ಅದನ್ನ ನೋಡಿದ್ರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ್ರು:

"ಸರ್, ಫೈಲಿನ 31ನೇ ಪುಟ ನೋಡಿದ್ರಾ?"

ಅಷ್ಟೇ ಕೇಳಿದ್ದು. ಉತ್ತರಕ್ಕೂ ನಿಲ್ಲದೇ ಹೋದ್ರು.

ಫೈಲು ಆ ಹೊತ್ತಿಗೆ ವಿಭಾಗಕ್ಕೆ ವಾಪಸ್ ಹೋಗಿತ್ತು. ಆದರೆ ನನಗೆ ಪುಟ ನೋಡೋ ಅಗತ್ಯ ಇರಲಿಲ್ಲ, ನೆನಪಿತ್ತು. 31, 32, 33. ಶಿಬಿರಕ್ಕೆ ಹೋಗೋಕೆ ಬಿಡುಗಡೆ ಮಾಡಿ ಅಂತ ಅವರು ಮೂರು ಸಲ ಕೊಟ್ಟ ಅರ್ಜಿಗಳು. ಮೂರರ ಮೇಲೂ ವಿಭಾಗದ ಮುಖ್ಯಸ್ಥರ ಕೈಬರಹ: "ಪಾಠ ಪ್ರವಚನಗಳಿಗೆ ತೊಂದರೆಯಾಗುವುದರಿಂದ ಅನುಮತಿಸಲಾಗದು." ಅದೇ ಅವಧಿಯಲ್ಲಿ ಅದೇ ವಿಭಾಗದ ಇನ್ನಿಬ್ಬರಿಗೆ ಬಿಡುಗಡೆ ಆಗಿದ್ದೂ ನನಗೆ ಗೊತ್ತಿತ್ತು, ಅವರ ಫೈಲುಗಳೂ ನನ್ನ ಬೀರುವಿನಲ್ಲೇ ಇದ್ವು. ನನ್ನ ಟಿಪ್ಪಣಿಯಲ್ಲಿ ಒಂದೇ ಒಂದು ಸಾಲು ಬರೆದಿದ್ರೆ ಸಾಕಿತ್ತು: "ಸದರಿಯವರು ಮೂರು ಬಾರಿ ಅನುಮತಿ ಕೋರಿದ್ದು, ನಿರಾಕರಿಸಲಾಗಿರುತ್ತದೆ (ಪುಟ 31ರಿಂದ 33)." ಅದನ್ನ ಬರೆಯೋದು ನನ್ನ ಕೆಲಸವೇ ಆಗಿತ್ತು. ಕೇಸ್ ವರ್ಕರ್ ಅಂದ್ರೆ ಫೈಲಿನಲ್ಲಿ ಏನಿದೆ ಅಂತ ಮೇಲಿನವರಿಗೆ ಹೇಳೋನು. ನಾನು ಏನಿಲ್ಲ ಅಂತ ಮಾತ್ರ ಹೇಳಿದೆ. ಅಧೀಕ್ಷಕರು ಬರೀಬೇಡ ಅಂದಿದ್ರಾ ಅಂದ್ರೆ, ಇಲ್ಲ. ಅವರು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಬರೆದ್ರೆ ಅವರಿಗೆ ಹಿಡಿಸಲ್ಲ ಅಂತ ನಾನೇ ಊಹಿಸಿಕೊಂಡೆ. 'ನಮ್ಮವರ ಫೈಲಿಗೆ ನಮ್ಮವನು ಬ್ಯಾಟಿಂಗ್ ಮಾಡ್ತಾವ್ನೆ' ಅನ್ನೋ ಮಾತು ಬರುತ್ತೆ ಅನ್ನೋ ಭಯ.

ಆ ಮೇಡಂ ಮುಂದಿನ ವರ್ಷ ಶಿಬಿರ ಮುಗಿಸಿ, ಮತ್ತೆ ಅರ್ಜಿ ಹಾಕಿ, ಸಮಿತಿ ಕೂತು, ಬಡ್ತಿ ಸಿಗೋಕೆ ಒಟ್ಟು ಎರಡೂವರೆ ವರ್ಷ ಹಿಡೀತು. ಬಡ್ತಿ ಹಿಂದಿನ ದಿನಾಂಕದಿಂದ ಸಿಗಲಿಲ್ಲ. ಮೊದಲ ಸಲ ಆಗದೇ ಆಮೇಲೆ ಆದ್ರೆ, ಆದ ದಿನದಿಂದಲೇ ಲೆಕ್ಕ ಅನ್ನೋದು ನಿಯಮ. ಒಂದು ಮೆಟ್ಟಿಲಿನ ತಡ ಮುಂದಿನ ಎಲ್ಲ ಮೆಟ್ಟಿಲಿಗೂ ಹರಿಯುತ್ತೆ. ಅಂದ್ರೆ ನನ್ನ ಐದು ನಿಮಿಷದ ಟಿಪ್ಪಣಿ ಅವರ ನಿವೃತ್ತಿ ತನಕ, ಆಮೇಲೆ ಪಿಂಚಣಿಯಲ್ಲೂ ಅವರ ಜೊತೆ ಹೋಗುತ್ತೆ. ದಾಖಲೆಯಲ್ಲಿ ಎಲ್ಲೂ ಜಾತಿ ಇಲ್ಲ. ಇರೋದು ನನ್ನ ಚಿಕ್ಕ ಸಹಿ.

ಆಮೇಲೆ ಬಂದ ಫೈಲುಗಳಲ್ಲಿ ಅಂಥ ಸಾಲು ಬರೆಯೋಕೆ ಶುರು ಮಾಡಿದೆ. ಎರಡು ಸಲ ಬೈಸಿಕೊಂಡೆ. ಆರು ವರ್ಷ ತುಂಬೋ ಹೊತ್ತಿಗೆ ಬೇರೆ ವಿಭಾಗಕ್ಕೆ ಹಾಕಿದ್ರು. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ನಾನೇನೂ ಹೇಳಲ್ಲ.

2025ರಲ್ಲಿ ಹೊಸ ಕರಡು ಬಂತು. ಜನವರಿ 6ರಂದು ಯುಜಿಸಿ ಬಿಟ್ಟ 2025ರ ಕರಡು ನಿಯಮಾವಳಿ. ಕುಲಪತಿ ನೇಮಕದಲ್ಲಿ ರಾಜ್ಯಗಳ ಅಧಿಕಾರ ಕಿತ್ತುಕೊಳ್ತಾರೆ ಅಂತ ದೊಡ್ಡ ಗಲಾಟೆ ಆಯ್ತು, ಫೆಬ್ರವರಿ 5ಕ್ಕೆ ಬೆಂಗಳೂರಲ್ಲಿ ರಾಜ್ಯಗಳ ಉನ್ನತ ಶಿಕ್ಷಣ ಮಂತ್ರಿಗಳ ಸಮಾವೇಶವೂ ಆಯ್ತು. ಆಗಬೇಕಾದ್ದೇ. ಆದರೆ ಬಡ್ತಿಯ ಭಾಗವನ್ನ ನಮ್ಮವರು ಯಾರು ಓದಿದ್ರಿ? ಅಂಕದ ಪದ್ಧತಿ ತೆಗೆದು ಒಂಬತ್ತು 'ಗಮನಾರ್ಹ ಕೊಡುಗೆ'ಗಳ ಪಟ್ಟಿ ಮಾಡಿದ್ದಾರೆ. ಹೊಸ ರೀತಿಯ ಬೋಧನೆ, ಪ್ರಯೋಗಾಲಯ ಕಟ್ಟೋದು, ಪ್ರಾಜೆಕ್ಟಿಗೆ ಹಣ ತರೋದು, ಭಾರತೀಯ ಭಾಷೆಯಲ್ಲಿ ಬೋಧನೆ, ಭಾರತೀಯ ಜ್ಞಾನ ಪರಂಪರೆ, ಆನ್‌ಲೈನ್ ಕೋರ್ಸು, ಸಮುದಾಯ ಸೇವೆ, ಸ್ಟಾರ್ಟಪ್ ಹೀಗೆ. ಒಂಬತ್ತರಲ್ಲಿ ನಾಲ್ಕಾದರೂ ಇರಬೇಕು.

ಪಟ್ಟಿಯಲ್ಲಿ ಒಳ್ಳೇದೂ ಇದೆ. ಭಾರತೀಯ ಭಾಷೆಯ ಬೋಧನೆ ಬಂದಿದೆ, ಸಮುದಾಯದ ಕೆಲಸ ಬಂದಿದೆ. ಅಣ್ಣನಂಥೋರಿಗೆ ಅನುಕೂಲ ಅಂತ ಮೊದಲು ನನಗೂ ಖುಷಿ ಆಯ್ತು. ಆದರೆ 'ಗಮನಾರ್ಹ' ಅಂತ ಗಮನಿಸೋರು ಯಾರು? ಆಯ್ಕೆ ಸಮಿತಿ. ಅಂಕದ ಪದ್ಧತಿ ಕೆಟ್ಟದ್ದು, ಲೇಖನದ ಅಂಗಡಿಗಳನ್ನ ಹುಟ್ಟಿಹಾಕಿತು, ಎಲ್ಲ ನಿಜ. ಆದರೂ ಅಂಕವನ್ನ ಎಣಿಸಬಹುದಿತ್ತು. 'ನನಗೆ 82 ಬರುತ್ತೆ, ನೀವು ಯಾಕೆ 64 ಹಾಕಿದ್ರಿ' ಅಂತ ಒಬ್ಬ ದಲಿತ ಮೇಷ್ಟ್ರು ಕಾಗದ ಹಿಡಿದು ಕೇಳಬಹುದಿತ್ತು. 'ನಿಮ್ಮ ಕೊಡುಗೆ ನಮಗೆ ಗಮನಾರ್ಹ ಅನ್ನಿಸಲಿಲ್ಲ' ಅಂದ್ರೆ ಯಾವ ಕಾಗದ ಹಿಡಿದು ಹೋಗ್ತೀರಿ? ನನ್ನ ಮಟ್ಟಿಗೆ, ಸಮಿತಿಗಳು ಈಗಿರೋ ಹಾಗೇ ಇರೋ ತನಕ ನಮಗೆ ಕೆಟ್ಟ ಅಂಕವೇ ವಾಸಿ. ನಮ್ಮಲ್ಲೇ ಕೆಲವು ಸಂಗಾತಿಗಳು ಇದನ್ನ ಒಪ್ಪಲ್ಲ, ಗೊತ್ತು. ವಾದ ಮಾಡೋಣ.

ಬೆಂಗಳೂರಿನ ಐಐಎಂ ಪ್ರಕರಣ ಪೇಪರಲ್ಲಿ ಓದಿರ್ತೀರಿ. ಸಹ ಪ್ರಾಧ್ಯಾಪಕ ಗೋಪಾಲ್ ದಾಸ್ ಅವರು ಜಾತಿ ತಾರತಮ್ಯ ಅಂತ ದೂರು ಕೊಟ್ಟು, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ತನಿಖೆ ಮಾಡಿ, 2024ರ ಡಿಸೆಂಬರ್‌ನಲ್ಲಿ ನಿರ್ದೇಶಕರೂ ಸೇರಿ ಹಲವರ ಮೇಲೆ ಕೇಸಾಯ್ತು. ಸಂಸ್ಥೆ ಆರೋಪ ಅಲ್ಲಗಳೆಯಿತು, ಬಡ್ತಿ ಅರ್ಜಿ ತಡೆದಿದ್ದಕ್ಕೆ ಬೇರೆ ಕಾರಣ ಇದೆ ಅಂದಿತು. ಹೈಕೋರ್ಟ್ ತಡೆ ಕೊಟ್ಟಿತು. ಸರಿ ತಪ್ಪು ಕೋರ್ಟಿಗೆ ಬಿಟ್ಟಿದ್ದು. ಐಐಎಂನಂಥ ಕಡೆ ಇರೋರ ವಿಷಯ ಪೇಪರಿಗೆ ಬರುತ್ತೆ. ನಮ್ಮ ಕಡೆಯ ವಿಶ್ವವಿದ್ಯಾಲಯದ ಮೇಷ್ಟ್ರು ಫೈಲು ಕಂಕುಳಲ್ಲಿ ಇಟ್ಟುಕೊಂಡು ಸೆಕ್ಷನ್ನಿಂದ ಸೆಕ್ಷನ್ನಿಗೆ ತಿರುಗೋದು ಎಲ್ಲೂ ಬರಲ್ಲ. ಹಾಸನಕ್ಕೂ ಸ್ವಂತ ವಿಶ್ವವಿದ್ಯಾಲಯ ಬಂತು, ಹಿಂದೆ ಮೈಸೂರು ವಿಶ್ವವಿದ್ಯಾಲಯದ ಹೇಮಗಂಗೋತ್ರಿ ಕೇಂದ್ರ ಇದ್ದ ಕಡೆ. ಅಲ್ಲಿ ಓದ್ತಿರೋ ನಮ್ಮ ಹುಡುಗ ಹುಡುಗಿಯರು ನಾಳೆ ಮೇಷ್ಟ್ರಾಗ್ತಾರೆ. ಅವರಿಗಾದ್ರೂ ಇದು ಮೊದಲೇ ಗೊತ್ತಿರಲಿ.

ಹೊಸದಾಗಿ ಕೆಲಸಕ್ಕೆ ಸೇರಿರೋ ತಮ್ಮ ತಂಗಿಯರಿಗೆ ಗುಮಾಸ್ತನ ಬುದ್ಧಿ ಒಂದಿಷ್ಟು ಹೇಳ್ತೀನಿ. ಬಡ್ತಿ ದಿನಾಂಕಕ್ಕೆ ಮೂರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಹಾಕಿ. ಮುಖ್ಯಸ್ಥರ ಕೈಗೆ ಕೊಟ್ಟು ಬರಬೇಡಿ, ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸೀಲು ಇಲ್ಲದ ಅರ್ಜಿ ಹುಟ್ಟೇ ಇಲ್ಲ. ಸಂಶೋಧನಾ ವಿದ್ಯಾರ್ಥಿ ಬೇಕು ಅಂತ ಪ್ರತಿ ವರ್ಷ ಬರವಣಿಗೆಯಲ್ಲಿ ಕೇಳಿ. ಕೊಡಲಿಲ್ಲ ಅಂದ್ರೆ ಕೊಡಲಿಲ್ಲ ಅನ್ನೋದೂ ಒಂದು ದಾಖಲೆ. ಶಿಬಿರಕ್ಕೆ ಅನುಮತಿ ಬಾಯಲ್ಲಿ ಕೇಳಬೇಡಿ, ಬಾಯಲ್ಲಿ ಇಲ್ಲ ಅನ್ನಿಸಿಕೊಳ್ಳಬೇಡಿ. ವಾರ್ಡನ್ ಕೆಲಸ ಬೇಡ ಅನ್ನಿ ಅಂತ ನಾನು ಹೇಳಲ್ಲ, ನಮ್ಮ ಹುಡುಗರಿಗೆ ಯಾರು ದಿಕ್ಕು? ಎರಡು ವರ್ಷ ಮಾಡಿ, ಸರದಿ ಹಾಕಿ ಅಂತ ಬರೆದು ಕೊಡಿ. ಅಂಕ ಮತ್ತು ಶಿಫಾರಸು ಬರೆದ ನಡಾವಳಿಗೆ ಸಭೆ ನಡೆದಾಗಲೇ ಎಲ್ಲ ಸದಸ್ಯರೂ ಸಹಿ ಹಾಕಬೇಕು ಅಂತ ನಿಯಮ ಇದೆ. ತಿರಸ್ಕಾರ ಆದ್ರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅದರ ಪ್ರತಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ರೆ ಮೇಲ್ಮನವಿ. ಮತ್ತೆ, ಆಡಳಿತ ಕಚೇರಿಯಲ್ಲಿ ಕೂತಿರೋ ನನ್ನಂಥ ನಮ್ಮವರೇ, ಟಿಪ್ಪಣಿ ಬರೆಯೋ ಮುಂಚೆ ಫೈಲಿನ ಎಲ್ಲ ಪುಟ ತಿರುವಿ.

ಸಂಘಟನೆ ಕಡೆಯಿಂದ ಒಂದು ಮನವಿ ತಯಾರು ಮಾಡ್ತಿದ್ದೀವಿ. ಕ್ಯಾಸ್ ಅರ್ಜಿ ಇತ್ಯರ್ಥಕ್ಕೆ ದಿನ ಗೊತ್ತು ಮಾಡಬೇಕು, ಆಡಳಿತದಿಂದ ತಡ ಆದ್ರೆ ಅರ್ಹತೆ ಬಂದ ದಿನದಿಂದಲೇ ಬಡ್ತಿ ಕೊಡಬೇಕು, ನಮ್ಮ ವರ್ಗದ ಸದಸ್ಯರಿಲ್ಲದೆ ಕೋರಂ ಆಗಬಾರದು, ಸಂಶೋಧನಾ ವಿದ್ಯಾರ್ಥಿಗಳ ಹಂಚಿಕೆಯನ್ನ ನೋಟಿಸ್ ಬೋರ್ಡಿಗೆ ಹಾಕಬೇಕು. ಸದ್ಯಕ್ಕೆ ಇಷ್ಟು. ನಿಮ್ಮ ಫೈಲಿನ ಕತೆ ಇದ್ರೆ ಕಾಮೆಂಟಲ್ಲಿ ಬರೀಬೇಡಿ, ಇನ್‌ಬಾಕ್ಸಿಗೆ ಹಾಕಿ. ಕಾಮೆಂಟು ಎಲ್ಲರೂ ನೋಡ್ತಾರೆ.

ಹೊಸತೊಡಕಿನ ಸಂಜೆ ಅಣ್ಣ ಕಾರಿನ ಡಿಕ್ಕಿಯಿಂದ ತನ್ನ ಫೈಲು ತಂದ. ಇಬ್ಬರೂ ಜಗಲಿ ಮೇಲೆ ಹರಡಿಕೊಂಡು ಕೂತು ಮೊದಲಿಂದ ಜೋಡಿಸಿದ್ವಿ. ಯಾವ ಅರ್ಜಿಗೆ ಯಾವ ಉತ್ತರ, ಯಾವುದಕ್ಕೆ ಸೀಲಿದೆ, ಯಾವುದಕ್ಕೆ ಇಲ್ಲ. ನಾನು ಕೆಂಪು ಪೆನ್ನಿನಲ್ಲಿ ಪ್ರತಿ ಹಾಳೆಯ ಮೂಲೆಗೆ ಪುಟ ಸಂಖ್ಯೆ ಹಾಕ್ತಾ ಹೋದೆ. ಕತ್ತಲಾಗ್ತಾ ಬಂದಾಗ ಅತ್ತಿಗೆ ಲೈಟ್ ಹಾಕಿ ಕಾಫಿ ಕೊಟ್ರು. ಅಣ್ಣನಿಗೆ ಆ ಮೇಡಂ ವಿಷಯ ಅವತ್ತೇ ಮೊದಲ ಸಲ ಹೇಳಿದ್ದು. ಅವನು ಏನೂ ಅನ್ನಲಿಲ್ಲ, ಸ್ವಲ್ಪ ಹೊತ್ತು ಕಾಫಿ ಲೋಟ ನೋಡ್ತಾ ಕೂತಿದ್ದ. ಅಷ್ಟರಲ್ಲಿ ದೊಡ್ಡಪ್ಪ ಕೋಲೂರಿಕೊಂಡು ಬಂದು ನಿಂತ್ರು.

"ಇದೇನ್ಲಾ, ಆಲೂಗಡ್ಡೆ ಮೂಟೆ ಎಣಿಸ್ದಂಗೆ ಎಣಿಸ್ಕಂಡು ಕುಂತಿದ್ದೀರಿ?"

"ಎಣಿಸ್ಲಿಲ್ಲ ಅಂದ್ರೆ ಮಂಡಿಯವ್ನು ಕಮ್ಮಿ ಬರ್ಕತಾನಲ್ಲಪ್ಪ" ಅಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಹಾಳೆ ತಗೋ. ಎಷ್ಟಕ್ಕೆ ಬಂತು?" ಅಂತ ಕೇಳಿದ.

ನೂರಾ ಹದಿನೇಳಕ್ಕೆ ಬಂದಿತ್ತು. ಇನ್ನೂ ಅಷ್ಟೇ ಹಾಳೆ ಉಳಿದಿದ್ವು.